ಸಂಜೆ ಬರುವ ಜ್ವರ

ದುರ್ಗಿಗುಡಿ, ಶಿವಮೊಗ್ಗ
18 ಜೂನ್ 1997

ತಂಗಿ ರಾಜೇಶ್ವರಿಗೆ ಅಕ್ಕ ಜಗದಾಂಬಾಳ ಆಶೀರ್ವಾದ.

ನಿನ್ನ ಕಾಗದ ಸೋಮವಾರ ಕೈಸೇರಿತು. ಗರ್ಭಚೀಲದ ಬಾಯಿಗೆ ಹೊಲಿಗೆ ಹಾಕಿದ್ದಾರೆ, ಹೆರಿಗೆಯಾಗುವವರೆಗೆ ಮಲಗಿಯೇ ಇರಬೇಕು, ಬಸ್ಸು ಹತ್ತುವ ಹಾಗಿಲ್ಲ ಎಂದು ಬರೆದಿದ್ದೀಯ. ಓದಿ ಗಾಬರಿಯಾಯಿತು. ಆಮೇಲೆ ಸಮಾಧಾನ ತಂದುಕೊಂಡೆ. ಎರಡು ಸಲ ನಾಲ್ಕನೇ ತಿಂಗಳಲ್ಲೇ ಹೋಯಿತು, ಇದು ಮೂರನೆಯದು. ಡಾಕ್ಟರಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಮಾಡು. ಫೋನ್ ಮಾಡುತ್ತೇನೆಂದು ಬೂತಿನವರೆಗೆ ನಡೆದು ಹೋಗಬೇಡ. ನನ್ನ ಮನೆಯಲ್ಲಂತೂ ಫೋನಿಲ್ಲ. ಕಾಗದ ಬರೆ, ಎರಡು ದಿನಕ್ಕೆ ಬರುತ್ತದೆ.

ನಾನು ಬಂದು ಒಂದು ವಾರ ಇರಬೇಕಿತ್ತು. ಮುಕ್ಕಾಲು ಗಂಟೆಯ ದಾರಿಗೂ ಅಕ್ಕನಿಗೆ ಬಿಡುವಿಲ್ಲವೇ ಎಂದುಕೊಳ್ಳಬೇಡ. ಶಾಲೆ ಶುರುವಾದ ತಿಂಗಳು, ಮೂರು ಶಾಲೆಯ ಯೂನಿಫಾರಂ ಒಪ್ಪಿಕೊಂಡಿದ್ದೇನೆ. ಪಡಸಾಲೆಯ ತುಂಬ ನೀಲಿ ಬಟ್ಟೆ. ನಿಮ್ಮ ಭಾವ ಲಾರಿ ತೆಗೆದುಕೊಂಡು ಬೊಂಬಾಯಿಗೆ ಹೋಗಿ ಎಂಟು ದಿನವಾಯಿತು. ರಶ್ಮಿ ನಾಲ್ಕನೇ ಕ್ಲಾಸಿಗೆ ಹೋಗುತ್ತಿದ್ದಾಳೆ.

ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ ಎಂದಿದ್ದೀಯ. ಬಸುರಿಯರಿಗೆ ಅದೆಲ್ಲ ಇದ್ದದ್ದೇ, ಉಷ್ಣ. ಉಪ್ಪುನೀರು ಮುಕ್ಕಳಿಸು. ಹಲ್ಲಿನ ಡಾಕ್ಟರ ಹತ್ತಿರ ಮಾತ್ರ ಹೋಗಬೇಡ. ನಮ್ಮ ಓಣಿಯ ಪುಟ್ಟಲಕ್ಷ್ಮಿಯ ಸೊಸೆ ಆರು ತಿಂಗಳಲ್ಲಿ ಹಲ್ಲು ಕೀಳಿಸಿಕೊಂಡಳು, ವಾರದೊಳಗೆ ಮಗು ಹೋಯಿತು. ನನ್ನ ಎಡಗಡೆಯ ಮುರಿದ ದವಡೆ ಹಲ್ಲನ್ನೇ ನೋಡು. ನಾಲ್ಕು ವರ್ಷದಿಂದ ಕೀವು ಒಸರುತ್ತಿದೆ, ಲವಂಗದ ಎಣ್ಣೆಯಲ್ಲೇ ದಿನ ದೂಡುತ್ತಿದ್ದೇನೆ. ಹಲ್ಲುನೋವಿನಿಂದ ಯಾರೂ ಸತ್ತಿಲ್ಲ.

ನಿನ್ನ ಅಕ್ಕ


ಹೊಸಮನೆ, ಭದ್ರಾವತಿ
26 ಜೂನ್ 1997

ಅಕ್ಕನಿಗೆ ರಾಜಿಯ ನಮಸ್ಕಾರ.

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಮಂಚದ ಕಾಲಕಡೆಗೆ ಎರಡು ಇಟ್ಟಿಗೆ ಇಟ್ಟು ಎತ್ತರ ಮಾಡಿದ್ದಾರೆ. ಇವರು ಫ್ಯಾಕ್ಟರಿಗೆ ಹೋದ ಮೇಲೆ ಪಕ್ಕದ ಮನೆಯ ಚಿನ್ನಮ್ಮ ಬಂದು ಅನ್ನ ಮಾಡಿಟ್ಟು ಹೋಗುತ್ತಾಳೆ. ಮಿಕ್ಕ ಹೊತ್ತೆಲ್ಲ ನಾನು ಮತ್ತು ಫ್ಯಾನು.

ಅಕ್ಕ, ನನಗೆ ಬಚ್ಚಲಿಗೆ ಹೋಗಲಿಕ್ಕೇ ಹೆದರಿಕೆ. ಎರಡು ಸಲವೂ ಅಲ್ಲೇ ರಕ್ತ ಕಂಡದ್ದು. ಈಗ ಕಣ್ಣು ಮುಚ್ಚಿಕೊಂಡು ಹೋಗಿ, ಕಣ್ಣು ಮುಚ್ಚಿಕೊಂಡು ಬರುತ್ತೇನೆ. ಇವರಿಗೆ ಹೇಳಿದರೆ ಇವರೂ ಹೆದರುತ್ತಾರೆ. ನೀನಿದ್ದರೆ ಬಾಗಿಲ ಹೊರಗೆ ನಿಂತು ಏನಾದರೂ ಮಾತಾಡುತ್ತಿದ್ದೆ, ಅಷ್ಟು ಸಾಕಿತ್ತು. ಒಂದು ಭಾನುವಾರ ಬಾ.

ಹಲ್ಲಿನ ವಿಷಯ ನೀನು ಹೇಳಿದ ಹಾಗೆಯೇ ಮಾಡುತ್ತಿದ್ದೇನೆ.

ರಾಜಿ


ದುರ್ಗಿಗುಡಿ, ಶಿವಮೊಗ್ಗ
11 ಜುಲೈ 1997

ರಾಜಿ,

ಈ ಭಾನುವಾರವೂ ಬರಲಾಗುವುದಿಲ್ಲ. ರಶ್ಮಿಗೆ ಮಂಗನಬಾವು ಬಂದು ಕೆನ್ನೆ ಊದಿಕೊಂಡಿದೆ. ನನ್ನ ಸೀರೆಯಲ್ಲೇ ಅದು ನಿನ್ನ ಮನೆಗೆ ಬಂದೀತು. ಬಸುರಿಗೆ ಅಂಥದ್ದು ತಾಗಬಾರದು. ನೀವೂ ಯಾರೂ ಇತ್ತ ಬರಬೇಡಿ.

ಹೆಚ್ಚು ಬರೆಯಲಾರೆ. ಸೂಜಿ ಚುಚ್ಚಿಯೋ ಏನೋ ಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ಕೆಂಪು ಗಂಟು ಎದ್ದಿದೆ, ಮುಟ್ಟಿದರೆ ಪ್ರಾಣ ಹೋಗುತ್ತದೆ. ಒಂದು ಮಾಯುವುದರೊಳಗೆ ಇನ್ನೊಂದು ಬೆರಳಿಗೆ ಬರುತ್ತದೆ. ಇಪ್ಪತ್ತು ವರ್ಷ ಹೊಲಿದವಳಿಗೆ ಈಗ ಸೂಜಿ ಹಿಡಿಯಲಿಕ್ಕೆ ಬರುವುದಿಲ್ಲವೇನೋ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಜಗದಾಂಬಾ


ಹೊಸಮನೆ, ಭದ್ರಾವತಿ
22 ಜುಲೈ 1997

ಅಕ್ಕ,

ಭಾನುವಾರ ಇವರು ಆಯನೂರಿನಿಂದ ಹಲಸಿನ ಹಣ್ಣು ತಂದು ನಿಮ್ಮ ಮನೆಗೆ ಕೊಡಲು ಬಂದಿದ್ದರು. ನೀನು ಬಾಗಿಲು ತೆಗೆಯಲಿಲ್ಲವಂತೆ. ಕಿಟಕಿಯಲ್ಲೇ ಸೆರಗು ಮುಖಕ್ಕೆ ಹಿಡಿದುಕೊಂಡು, "ಹಣ್ಣು ಕಟ್ಟೆ ಮೇಲಿಡಿ ಶಿವಯೋಗಿ, ಆಮೇಲೆ ತಗೋತೀನಿ" ಎಂದೆಯಂತೆ. ಒಂದು ಲೋಟ ನೀರೂ ಕೊಡಲಿಲ್ಲ. ಬೀದಿಯಲ್ಲಿ ರಶ್ಮಿ ಹಗ್ಗದಾಟ ಆಡುತ್ತಿದ್ದಳಂತೆ. ಅವಳ ಕೆನ್ನೆ ಊದಿರಲಿಲ್ಲ.

ನಿನಗೆ ನನ್ನ ಮೇಲೆ ಯಾಕೆ ಸಿಟ್ಟು ಎಂದು ನನಗೆ ಗೊತ್ತು. ಯುಗಾದಿಯ ದಿನ ನೀನು "ಧೈರ್ಯ ತಗೋ, ಈ ಸಲ ನಿಲ್ಲುತ್ತೆ" ಎಂದಾಗ ನಾನು, "ನಿಂಗೇನು ಗೊತ್ತು, ನಿಂಗೊಂದೂ ಹೋಗಿಲ್ವಲ್ಲ" ಎಂದುಬಿಟ್ಟೆ. ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅದು ತಪ್ಪು, ಅಕ್ಕ. ಅವ್ವ ಹೋದ ಮೇಲೆ ನನಗೆ ಇನ್ಯಾರಿದ್ದಾರೆ. ಬೇಕಾದರೆ ಬೈದು ಬರೆ. ಸುಳ್ಳು ಹೇಳಿ ದೂರ ಇಡಬೇಡ. ಇಲ್ಲಿ ಮಲಗಿಕೊಂಡವಳಿಗೆ ಯೋಚನೆ ಮಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ರಾಜಿ


ದುರ್ಗಿಗುಡಿ, ಶಿವಮೊಗ್ಗ
2 ಆಗಸ್ಟ್ 1997

ರಾಜಿ,

ಹತ್ತು ದಿನ ನಿನ್ನ ಕಾಗದ ಎದುರಿಗಿಟ್ಟುಕೊಂಡು ಕೂತಿದ್ದೆ. ಯುಗಾದಿಯ ಮಾತು ನನಗೆ ನೆನಪೂ ಇರಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ನನಗೆ ಕಾಯಿಲೆ ಬಂದಿದೆ. ಬಸುರಿಗೆ ಹೇಳಬಾರದೆಂದು ಮುಚ್ಚಿಟ್ಟಿದ್ದೆ.

ಮೇ ತಿಂಗಳ ಕೊನೆಯಿಂದ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಸಣ್ಣಗೆ ಜ್ವರ ಬರುತ್ತದೆ. ಬೆಳಿಗ್ಗೆ ಏಳುವಾಗ ರವಿಕೆಯೆಲ್ಲ ಬೆವರಿನಿಂದ ಒದ್ದೆ. ಹತ್ತು ಕೆಜಿ ಇಳಿದಿದ್ದೇನೆ, ನನ್ನ ರವಿಕೆಗಳನ್ನೆಲ್ಲ ನಾನೇ ಎರಡು ಸಲ ಹಿಡಿದು ಹೊಲಿದೆ. ಮೆಟ್ಟಿಲು ಹತ್ತಿದರೆ ಏದುಸಿರು. ಕ್ಷಯವೆಂದೇ ಅಂದುಕೊಂಡೆ. ನನ್ನ ತಟ್ಟೆ ಲೋಟ ಬೇರೆ ಇಟ್ಟೆ, ರಶ್ಮಿಯನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದನ್ನು ಬಿಟ್ಟೆ. ಶಿವಯೋಗಿಯವರಿಗೆ ಬಾಗಿಲು ತೆಗೆಯದಿದ್ದದ್ದು ಅದಕ್ಕೇ. ಅವರ ಕೈಯಿಂದ ಅದು ನಿನಗೆ ಬರಬಾರದೆಂದು.

ಆಮೇಲೆ ಡಾಕ್ಟರ ಹತ್ತಿರ ಹೋದೆ. ಕಫ ನೋಡಿದರು, ಎಕ್ಸ್‌ರೇ ತೆಗೆಸಿದರು. ಕ್ಷಯ ಇಲ್ಲ ಎಂದರು. ಟೈಫಾಯ್ಡ್ ಇಲ್ಲ, ಮಲೇರಿಯಾ ಇಲ್ಲ. ಮೊನ್ನೆ ಫೈಲು ತಿರುವಿ ಹಾಕುತ್ತ ಕೇಳಿದರು. "ನಿಮ್ಮ ಯಜಮಾನ್ರು ಏನ್ ಕೆಲ್ಸ ಮಾಡ್ತಾರಮ್ಮಾ?"

"ಲಾರಿ ಓಡಿಸ್ತಾರೆ ಸಾರ್. ಬೊಂಬಾಯಿ ಲೈನು."

ಅವರು ತಲೆ ಎತ್ತಲಿಲ್ಲ. "ಇನ್ನೊಂದು ರಕ್ತ ಪರೀಕ್ಷೆ ಬರೆದು ಕೊಡ್ತೀನಿ. ಸುಮ್ನೆ, ಇಲ್ಲ ಅಂತ ಗೊತ್ತಾಗ್ಲಿ ಅಂತ" ಎಂದರು.

ಅದರ ಹೆಸರು ಬರೆಯಲು ಕೈ ಬರುತ್ತಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಲಾರಿ ಚಾಲಕರೇ ಎಚ್ಚರ ಎಂದು ಬರೆದಿರುತ್ತಾರಲ್ಲ, ಆ ಕಾಯಿಲೆ. ರಕ್ತ ಕೊಟ್ಟು ಬಂದಿದ್ದೇನೆ. ಮಂಗಳವಾರ ಹೇಳುತ್ತಾರಂತೆ.

ನಿಮ್ಮ ಭಾವ ಮೊನ್ನೆ ಬಂದಿದ್ದರು. ಹಣೆ ಮುಟ್ಟಿ ನೋಡಲು ಕೈ ಚಾಚಿದರು. ನಾನು ಹಿಂದಕ್ಕೆ ಸರಿದೆ. ಅವರು ಏನೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂಬುದೇ ಈಗ ನನ್ನನ್ನು ತಿನ್ನುತ್ತಿದೆ. ಹನ್ನೊಂದು ವರ್ಷ ಅವರ ಜೊತೆ ಬಾಳಿದ್ದೇನೆ, ಒಂದು ದಿನ ಅನುಮಾನ ಪಟ್ಟವಳಲ್ಲ. ಈಗ ಅವರ ಅಂಗಿ ಒಗೆಯುವಾಗ ಜೇಬು ನೋಡುತ್ತೇನೆ.

ನನಗೇನಾದರೂ ಆದರೆ ರಶ್ಮಿಯನ್ನು ನೀನು ಕರೆದುಕೊಂಡು ಹೋಗಬೇಕು. ಈ ಕಾಗದ ಸುಟ್ಟುಬಿಡು.

ಜಗದಾಂಬಾ


ಹೊಸಮನೆ, ಭದ್ರಾವತಿ
4 ಆಗಸ್ಟ್ 1997

ಅಕ್ಕ,

ಇದನ್ನು ಇವರ ಕೈಯಲ್ಲೇ ಕಳಿಸುತ್ತಿದ್ದೇನೆ. ಬಾಗಿಲು ತೆಗಿ. ಇವರಿಗೆ ಜ್ವರದ ವಿಷಯ ಮಾತ್ರ ಹೇಳಿದ್ದೇನೆ, ಬೇರೆ ಏನೂ ಹೇಳಿಲ್ಲ.

ನಾನೂ ನಿನಗೊಂದು ಸುಳ್ಳು ಹೇಳಿದ್ದೆ. ನಿನ್ನ ಜೂನ್ ತಿಂಗಳ ಕಾಗದ ಬಂದ ಎರಡೇ ದಿನಕ್ಕೆ ನನ್ನ ವಸಡು ಊದಿ, ಅನ್ನ ಅಗಿದರೂ ರಕ್ತ ಬರತೊಡಗಿತು. ಡಾಕ್ಟರಮ್ಮನೇ ಗದರಿ, ಆಟೋದಲ್ಲಿ ಮೆಲ್ಲಗೆ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು. ಅಕ್ಷಯಾ ಎಂದು ಹೆಸರು, ನನಗಿಂತ ಚಿಕ್ಕವಳು. ನಾನು ಕುರ್ಚಿಯಲ್ಲಿ ಕೂತವಳೇ ಪುಟ್ಟಲಕ್ಷ್ಮಿಯ ಸೊಸೆಯ ಕಥೆ ಹೇಳಿ ಅತ್ತುಬಿಟ್ಟೆ. ಆಕೆ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು ಹೇಳಿದಳು. "ನೋಡಿ, ಬಸುರಿ ಅಂತ ನೋಡ್ಕೊಂಡೇ ಮಾಡ್ತೀವಿ, ಕ್ಲೀನ್ ಮಾಡಿದ್ರೆ ಮಗೂಗೆ ಏನೂ ಆಗಲ್ಲ. ಬಾಯಲ್ಲಿ ಉರಿಯೂತ ಇಟ್ಕೊಂಡು ಕೂತ್ರೇನೇ ಕಷ್ಟ. ವಸಡಿನ ಕೀವು ಬೂದಿ ಮುಚ್ಚಿದ ಕೆಂಡ ಇದ್ದಂಗೆ. ಅಲ್ಲೇ ಇರಲ್ಲ ಅದು. ದಿನಾ ಚೂರುಚೂರು ರಕ್ತಕ್ಕೆ ಸೇರುತ್ತೆ. ಶುಗರ್ ಇರೋರಿಗೆ ಶುಗರ್ ಏರುತ್ತೆ, ಬಸುರೀರಿಗೆ ದಿನ ತುಂಬೋ ಮುಂಚೆ ನೋವು ಬರಬಹುದು ಅಂತಾನೂ ಈಗ ಹೇಳ್ತಿದಾರೆ." ನಾಲ್ಕು ಸಲ ಹೋಗಿ ಬಂದೆ. ನೀನು ಹೆದರುತ್ತೀಯ ಎಂದು ಬರೆಯಲಿಲ್ಲ.

ನಿನ್ನ ಕಾಗದ ಓದಿದವಳೇ ಇವತ್ತು ಬೆಳಿಗ್ಗೆ ಆಟೋ ತರಿಸಿ ಆಕೆಯ ಹತ್ತಿರ ಹೋದೆ. ಬೈಯಬೇಡ, ಮಲಗಿಕೊಂಡೇ ಹೋದೆ. ನಿನ್ನ ಜ್ವರ, ಬೆವರು, ಬೆರಳ ಗಂಟು, ನಾಲ್ಕು ವರ್ಷದ ಹಲ್ಲಿನ ಕೀವು ಎಲ್ಲ ಹೇಳಿದೆ. ಆಕೆ ಒಂದೇ ಪ್ರಶ್ನೆ ಕೇಳಿದಳು. "ನಿಮ್ಮಕ್ಕಂಗೆ ಚಿಕ್ಕೋರಿದ್ದಾಗ ಮಂಡಿ ಊದಿ ಜ್ವರ ಬಂದಿತ್ತಾ? ಹಾರ್ಟಲ್ಲಿ ಏನಾದ್ರೂ ಇದೆ ಅಂದಿದ್ರಾ?"

ಅಕ್ಕ, ಆಗ ನನಗೆ ಎಲ್ಲ ನೆನಪಾಯಿತು. ನಾವು ಆಯನೂರಲ್ಲಿದ್ದಾಗ ನಿನಗೆ ಹನ್ನೆರಡು ವರ್ಷ, ನನಗೆ ಎಂಟು. ಇವತ್ತು ಬಲಮಂಡಿ ಊದಿದರೆ ನಾಳೆ ಎಡಮಂಡಿ. ನೀನು ಮೂರು ತಿಂಗಳು ಶಾಲೆ ಬಿಟ್ಟಿದ್ದೆ. ತಿಂಗಳಿಗೊಂದು ಇಂಜೆಕ್ಷನ್ನಿಗೆ ಅವ್ವ ನಿನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಗಂಡು ನೋಡಲು ಶುರು ಮಾಡಿದ ಮೇಲೆ ನಿಲ್ಲಿಸಿದಳು. "ಎದೇಲಿ ಐಬಿದೆ ಅಂದ್ರೆ ಯಾರು ಮಾಡ್ಕೋತಾರೆ, ಬಾಯಿ ಬಿಟ್ರೆ ನೋಡು" ಎಂದು ನನಗೂ ಗದರಿದ್ದಳು. ನೀನು ಡಾಕ್ಟರಿಗೆ ಇದನ್ನು ಹೇಳಿದ್ದೀಯಾ? ಹೇಳಿರಲಾರೆ.

ಹೃದಯದ ಕವಾಟ ಮೊದಲೇ ಹಾಳಾಗಿದ್ದರೆ, ಬಾಯಿಯ ಕೀವಿನ ಕ್ರಿಮಿ ರಕ್ತದಲ್ಲಿ ಹೋಗಿ ಅಲ್ಲಿ ಗೂಡು ಕಟ್ಟುತ್ತದಂತೆ. ತಿಂಗಳುಗಟ್ಟಲೆ ಸಣ್ಣ ಜ್ವರ ಬರುತ್ತದಂತೆ. ಬಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. "ಇವತ್ತೇ ಕಳಿಸಿ. ನಾಳೆ ಅನ್ನಬೇಡಿ" ಎಂದಳು.

ಇವರು ಬಾಗಿಲಲ್ಲಿ ನಿಂತಿದ್ದಾರೆ. ಅವರ ಜೊತೆಗೇ ಹೊರಡು. ಈ ಕಾಗದ ಡಾಕ್ಟರ ಕೈಗೆ ಕೊಡು.

ರಾಜಿ


ಶಿವಮೊಗ್ಗ
9 ಆಗಸ್ಟ್ 1997

ರಾಜಿ,

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಏಡ್ಸ್ ಇಲ್ಲ. ಮಂಗಳವಾರ ಆ ಚೀಟಿ ಕೈಗೆ ಬಂದಾಗ ಸಂತೋಷ ಪಡಲಿಕ್ಕೂ ಬಿಡುವಾಗಲಿಲ್ಲ.

ನಿನ್ನ ಕಾಗದ ಡಾಕ್ಟರು ನಿಂತುಕೊಂಡೇ ಓದಿದರು. ನನ್ನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡರು. ಬೆರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಉಗುರು ನೋಡಿದರು. ಉಗುರಿನ ಕೆಳಗೆ ಸಿಬಿರು ಚುಚ್ಚಿದ ಹಾಗೆ ಸಣ್ಣ ಗೆರೆಗಳಿದ್ದವು. ನಾನು ಅದನ್ನು ಸೂಜಿಯ ಕಲೆ ಎಂದುಕೊಂಡಿದ್ದೆ.

"ಚಿಕ್ಕಂದಿನ ಜ್ವರದ ವಿಷ್ಯ ಯಾಕಮ್ಮಾ ಹೇಳ್ಲಿಲ್ಲ? ಎರಡು ಸಲ ಕೇಳಿದ್ನಲ್ಲ, ಹಿಂದೆ ಏನಾದ್ರೂ ಕಾಯಿಲೆ ಆಗಿತ್ತಾ ಅಂತ" ಎಂದರು. ಇಷ್ಟು ವರ್ಷ ಹೇಳದೆ ಇದ್ದು ಇದ್ದು, ನನಗೇ ಅದು ನಡೆದಿಲ್ಲವೇನೋ ಎನ್ನುವ ಹಾಗಾಗಿತ್ತು.

ಎರಡೂ ಕೈಯಿಂದ ಬೇರೆ ಬೇರೆ ಬಾಟಲಿಗೆ ರಕ್ತ ತೆಗೆದಿದ್ದಾರೆ. ಹೃದಯದ ಸ್ಕ್ಯಾನಿಂಗಿಗೆ ನಾಳೆ ಮಣಿಪಾಲಕ್ಕೆ. ನಿಮ್ಮ ಭಾವ ಲಾರಿ ಬಿಟ್ಟು ಇಲ್ಲೇ ಇದ್ದಾರೆ. ರಶ್ಮಿ ಪುಟ್ಟಲಕ್ಷ್ಮಿಯ ಮನೆಯಲ್ಲಿದ್ದಾಳೆ. ಕವಾಟದ ಮೇಲಿನ ಗೂಡಿನ ಚೂರು ಕಿತ್ತು ಮಿದುಳಿಗೆ ಹೋಗಬಹುದು ಎಂದು ಡಾಕ್ಟರು ನಿಮ್ಮ ಭಾವನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಅಂದಿನಿಂದ ತಲೆ ಅಲ್ಲಾಡಿಸಲೂ ಭಯ. ಅರ್ಧ ಗಂಟೆಗೊಂದು ಸಲ ನನ್ನ ಹೆಸರು, ರಶ್ಮಿಯ ಹೆಸರು, ನಿನ್ನ ಹೆಸರು ಹೇಳಿಕೊಂಡು ನೋಡುತ್ತೇನೆ, ಬಾಯಿ ತೊದಲುತ್ತಿದೆಯೇ ಎಂದು.

ಜಗದಾಂಬಾ


ಹೊಸಮನೆ, ಭದ್ರಾವತಿ
20 ಆಗಸ್ಟ್ 1997

ಅಕ್ಕ,

ಹನ್ನೊಂದು ದಿನವಾಯಿತು. ಮಣಿಪಾಲದಲ್ಲಿ ಏನೆಂದರು? ಇವರು ಎರಡು ಸಲ ಆಸ್ಪತ್ರೆಗೆ ಬಂದರೂ ನೋಡುವ ಹೊತ್ತಲ್ಲ ಎಂದು ಒಳಗೆ ಬಿಡಲಿಲ್ಲವಂತೆ. "ಅಕ್ಕ ಹುಷಾರಾಗ್ತಿದಾರೆ ಅಂತ ಭಾವ ಅಂದ್ರು" ಎಂದು ಬಂದು ಹೇಳುತ್ತಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ. ನಿನ್ನ ಕೈಯಿಂದ ಎರಡು ಸಾಲು ಬರೆ.

ರಾಜಿ


ಹೊಸಮನೆ, ಭದ್ರಾವತಿ
1 ಸೆಪ್ಟೆಂಬರ್ 1997

ಅಕ್ಕ,

ಅಂಚೆಯವನು ಬರುವ ಹೊತ್ತಿಗೆ ಚಿನ್ನಮ್ಮನನ್ನು ಬಾಗಿಲಲ್ಲಿ ನಿಲ್ಲಿಸುತ್ತೇನೆ. ಅವಳು ಒಳಗೆ ಬರದೆ ಅಲ್ಲಿಂದಲೇ "ಇಲ್ಲಮ್ಮಾ" ಎನ್ನುತ್ತಾಳೆ. ಮಗು ಒದೆಯುತ್ತಿದೆ. ನಾನು ಮೊದಲು ಹೇಳಬೇಕಾದದ್ದು ನಿನಗೆ.

ರಾಜಿ


ಹೊಸಮನೆ, ಭದ್ರಾವತಿ
9 ಸೆಪ್ಟೆಂಬರ್ 1997

ಅಕ್ಕ, ನಿನ್ನ ಹೆಸರಾದರೂ ಬರೆದು ಕಳಿಸು.


ಶಿವಮೊಗ್ಗ
16 ಸೆಪ್ಟೆಂಬರ್ 1997

ರಾಜಿ,

ಜಗದಾಂಬಾ. ನೋಡು, ಬರೆದಿದ್ದೇನೆ.

ನಿನ್ನ ಮೂರು ಕಾಗದವೂ ದಿಂಬಿನ ಕೆಳಗಿವೆ. ಬಲಗೈಗೆ ಡ್ರಿಪ್ ಹಾಕಿದ್ದರು. ಆ ನರ ಬಾತುಕೊಂಡ ಮೇಲೆ ಎಡಗೈಗೆ, ಮತ್ತೆ ಬಲಗೈಗೆ. ನಿಮ್ಮ ಭಾವನಿಗೆ ಹೇಳಿ ಬರೆಸಬಹುದಿತ್ತು. ಬರೆಸಲಿಲ್ಲ. ನನ್ನ ಮಾತನ್ನು ಅವರ ಅಕ್ಷರದಲ್ಲಿ ನೋಡಿದರೆ ನೀನು ನನ್ನ ಕಥೆ ಮುಗಿಯಿತೆಂದೇ ತಿಳಿಯುತ್ತಿದ್ದೆ. ಬರೆಸದೆ ಇದ್ದದ್ದರಿಂದಲೂ ಹಾಗೇ ತಿಳಿದೆ. ಹೆದರಿಸಬಾರದೆಂದು ಮಾಡಿದ್ದೆಲ್ಲ ನಿನ್ನನ್ನು ಹೆದರಿಸಿಯೇ ಇದೆ.

ಸ್ಕ್ಯಾನಿಂಗಿನಲ್ಲಿ ಕವಾಟದ ಮೇಲೆ ಗೂಡು ಕಂಡಿತು. ರಕ್ತದ ಬಾಟಲಿಯಲ್ಲಿ ಬೆಳೆದದ್ದು ಬಾಯಿಯಲ್ಲಿರುವ ಕ್ರಿಮಿಯೇ. ಐದು ವಾರದಿಂದ ನಾಲ್ಕು ಗಂಟೆಗೊಂದು ಪೆನ್ಸಿಲಿನ್. ಎರಡನೇ ವಾರ ಉಸಿರು ಕಟ್ಟಿ, ಮೂರು ದಿನ ದಿಂಬಿಗೊರಗಿ ಕೂತೇ ಇದ್ದೆ. ಶಿವಯೋಗಿಯವರನ್ನು ಒಳಗೆ ಬಿಡದಿದ್ದದ್ದು ಆಗಲೇ. ಆಮೇಲೆ ಹೃದಯದ ಡಾಕ್ಟರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ಹಲ್ಲು ಕಿತ್ತರು. ಬೇರಿನ ತುದಿಯಲ್ಲಿ ಹುಣಸೆಬೀಜದಷ್ಟು ಕೀವಿನ ಚೀಲ ಇತ್ತು. ತೋರಿಸಿದರು. ಇಷ್ಟೇ ಇಷ್ಟು.

ಈಗ ಹದಿನೆಂಟು ದಿನದಿಂದ ಸಂಜೆ ಜ್ವರವಿಲ್ಲ. ಆದರೂ ದೀಪ ಹಚ್ಚುವ ಹೊತ್ತಾದರೆ ಹಣೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ. ಕವಾಟ ಸೋರುತ್ತಿದೆಯಂತೆ, ಮುಂದೆ ಎಂದಾದರೂ ಆಪರೇಷನ್ ಆಗಬೇಕಾಗಬಹುದು. ಇನ್ನು ಹಲ್ಲಿನ ಡಾಕ್ಟರ ಹತ್ತಿರ ಆರು ತಿಂಗಳಿಗೊಮ್ಮೆ ಹೋಗಬೇಕು. ಹೋಗುವ ಮುಂಚೆ ಹೃದಯದ ವಿಷಯ ಹೇಳಿ, ಮಾತ್ರೆ ನುಂಗಿ ಹೋಗಬೇಕು. ನಿನ್ನ ಅಕ್ಷಯಾ ಡಾಕ್ಟರಿಗೆ ನನ್ನ ನಮಸ್ಕಾರ ತಿಳಿಸು. ಅವಳಿಗೆ ಇನ್ನೂ ಏನೇನೋ ಹೇಳಬೇಕೆನಿಸುತ್ತದೆ, ಬರೆಯಲು ಬರುತ್ತಿಲ್ಲ.

ಜಗದಾಂಬಾ


ಭದ್ರಾವತಿ
12 ಅಕ್ಟೋಬರ್ 1997

ಅಕ್ಕ,

ಮಗು ಹುಟ್ಟಿತು. ಮೂರನೇ ತಾರೀಕು, ಒಂದೂವರೆ ತಿಂಗಳು ಮುಂಚೆ. ಹೆಣ್ಣು. ಒಂದು ಕೆಜಿ ಒಂಬೈನೂರು ಗ್ರಾಂ. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು, ಅದಕ್ಕೇ ತಿಳಿಸಲಿಲ್ಲ. ಇವತ್ತು ನನ್ನ ಮಗ್ಗುಲಿಗೆ ಕೊಟ್ಟಿದ್ದಾರೆ. ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ಬೆಚ್ಚಗಿನ ಗಾಳಿ ತಾಗಿದರೂ ಮತ್ತೆ ನೋಡುತ್ತೇನೆ.

ನನ್ನ ವಸಡಿನಿಂದಲೇ ಬೇಗ ಆಯಿತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. "ಅದ್ನೆಲ್ಲ ಹಂಗೆ ಬೆರಳು ಮಾಡಿ ಹೇಳೋಕಾಗಲ್ಲ ಮಾರಾಯ್ತಿ. ಹೊಲಿಗೆ ಹಾಕಿದ ಗರ್ಭ ಇಷ್ಟು ದಿನ ನಿಂತಿದ್ದೇ ದೊಡ್ಡದು. ಮಗೂಗೆ ಹಾಲು ಕುಡಿಸು" ಎಂದರು.

ನೀನು ಮನೆಗೆ ಬಂದೆಯಂತೆ. ಭಾವ ಹೇಗೆ ನೋಡಿಕೊಳ್ಳುತ್ತಿದ್ದಾರೆ?

ರಾಜಿ


ದುರ್ಗಿಗುಡಿ, ಶಿವಮೊಗ್ಗ
6 ನವೆಂಬರ್ 1997

ರಾಜಿ,

ಮಗುವಿನ ವಿಷಯ ಓದಿ ರಶ್ಮಿ ಓಣಿಗೆಲ್ಲ ಸಕ್ಕರೆ ಹಂಚಿ ಬಂದಳು.

ಭಾವ ಹೇಗೆ ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿದ್ದೀಯ. ಚೆನ್ನಾಗಿ. ಅನ್ನ ಮಾಡುತ್ತಾರೆ, ಮಾತ್ರೆ ಎಣಿಸಿ ಕೊಡುತ್ತಾರೆ, ನನ್ನ ತಲೆ ಬಾಚುತ್ತಾರೆ. ಆ ಪ್ರೀತಿ ನೋಡಿ ನನಗೆ ತಡೆಯಲಾಗಲಿಲ್ಲ. ಭಾನುವಾರ ಎಲ್ಲ ಹೇಳಿದೆ. ಮದುವೆಗೆ ಮುಂಚಿನ ಎದೆಯ ಕಾಯಿಲೆ ಮುಚ್ಚಿಟ್ಟದ್ದು, ಆಗಸ್ಟಿನಲ್ಲಿ ಆ ರಕ್ತ ಪರೀಕ್ಷೆ ಮಾಡಿಸಿದ್ದು, ಅವರ ಮೇಲೆ ಅನುಮಾನಪಟ್ಟದ್ದು, ಜೇಬು ತಡಕಿದ್ದು. "ತಪ್ಪಾಯ್ತು, ಕ್ಷಮಿಸಿ" ಎಂದೆ.

ಅವರು ಬಾಚಣಿಗೆ ಕೆಳಗಿಟ್ಟರು.

"ನಾನೂ ಮಾಡಿಸ್ದೆ" ಎಂದರು. "ಜುಲೈನಲ್ಲಿ. ಹುಬ್ಬಳ್ಳೀಲಿ ಲಾರಿ ನಿಲ್ಸಿ."

"ಯಾಕೆ?"

"ನೀನು ಸೊರಗ್ತಾ ಇದ್ದದ್ದು ನೋಡಿ. ನನ್ನಿಂದಾನೇ ನಿಂಗೆ ಬಂತು ಅಂದ್ಕೊಂಡೆ. ನಂಗಿಲ್ಲ ಅಂತ ಬಂತು. ಆದ್ರೂ ನಂಬಿಕೆ ಬರಲಿಲ್ಲ, ಮತ್ತೊಂದು ಸಲ ಬೊಂಬಾಯಲ್ಲಿ ಮಾಡಿಸ್ದೆ."

"ನಿಮ್ಮಿಂದ ಅಂತ ಯಾಕೆ ಅಂದ್ಕೊಂಡ್ರಿ?" ಎಂದು ಕೇಳಿದೆ. ಕೇಳಬಾರದಿತ್ತೇನೋ. ಕೇಳಿದೆ.

ರಶ್ಮಿ ಎರಡು ವರ್ಷದವಳಿದ್ದಾಗ, ಬೊಂಬಾಯಿಯಲ್ಲಿ, ಲೋಡು ಇಳಿಯದೆ ನಾಲ್ಕು ದಿನ ನಿಂತಾಗ. ಒಂದು ಸಲ ಎಂದರು. "ಒಂದೇ ಸಲ ಜಗದಾ" ಎಂದು ಮೂರು ಬಾರಿ ಹೇಳಿದರು. ಆಮೇಲೆ ಅತ್ತರು. ಅವರು ಅಳುವುದನ್ನು ನಾನು ನೋಡಿದ್ದೇ ಮೊದಲು. ನಾನು ಅಳಲಿಲ್ಲ. ಅತ್ತರೆ ಎದೆ ಜೋರಾಗಿ ಬಡಿಯುತ್ತದೆ, ಬಡಿದರೆ ಏನಾಗುತ್ತದೋ ಎಂಬ ಭಯ. ಕೈಯನ್ನು ಎದೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ.

ಅವರೊಂದು ಮುಚ್ಚಿಟ್ಟಿದ್ದರು, ನಾನೊಂದು ಮುಚ್ಚಿಟ್ಟಿದ್ದೆ. ಎರಡೂ ಒಂದೇ ತೂಕದ್ದಲ್ಲ, ನನಗೆ ಗೊತ್ತು. ಆದರೆ ತೂಗಿ ನೋಡುವ ಶಕ್ತಿ ಈಗ ನನ್ನಲ್ಲಿಲ್ಲ. ನಿನ್ನೆಯೂ ಅವರೇ ಅನ್ನ ಬಡಿಸಿದರು. ನಾನು ಉಂಡೆ. ಸಾರಿಗೆ ಉಪ್ಪು ಕಡಿಮೆಯಿತ್ತು, ಡಾಕ್ಟರು ಹೇಳಿದ ಹಾಗೆ.

ರಾಜಿ, ಜ್ವರವಿಲ್ಲ. ಆದರೂ ಸಂಜೆಯಾದರೆ ಹೆದರಿಕೆಯಾಗುತ್ತದೆ.

ಜಗದಾಂಬಾ


ಹೊಸಮನೆ, ಭದ್ರಾವತಿ
10 ನವೆಂಬರ್ 1997

ಅಕ್ಕ,

ನಿನ್ನ ಕಾಗದವನ್ನು ಮಗುವಿಗೆ ಹಾಲು ಕೊಡುತ್ತ ಓದಿದೆ. ಓದಿ ಮುಗಿಸುವಷ್ಟರಲ್ಲಿ ಅದು ನಿದ್ದೆ ಹೋಗಿತ್ತು, ನಾನು ಮಾತ್ರ ಹಾಗೆಯೇ ಕೂತಿದ್ದೆ.

ಮೊದಲು ಭಾವನ ಮೇಲೆ ಕೋಪ ಬಂತು. ಆಮೇಲೆ ಹುಬ್ಬಳ್ಳಿಯಲ್ಲಿ ಲಾರಿ ನಿಲ್ಲಿಸಿ, ತೋಳು ಚಾಚಿ ಕೂತ ಅವರನ್ನು ನೆನೆಸಿಕೊಂಡೆ. ಕೋಪ ಹೋಗಲಿಲ್ಲ, ಆದರೆ ಅದೊಂದೇ ಉಳಿಯಲಿಲ್ಲ. ನೀನು ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ. ಈ ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿದ ಬುದ್ಧಿಮಾತು ಸಾಕು.

ಮಗು ಎರಡೂಮುಕ್ಕಾಲು ಕೆಜಿ ಆಗಿದೆ. ಡಾಕ್ಟರಮ್ಮ ಬಸ್ಸು ಹತ್ತಬಹುದು ಎಂದಿದ್ದಾರೆ. ಗುರುವಾರ ಹತ್ತು ಗಂಟೆಯ ಬಸ್ಸಿಗೆ ಇವರು ನಮ್ಮನ್ನು ಹತ್ತಿಸುತ್ತಾರೆ. ಹದಿನೈದು ದಿನ ಇರುತ್ತೇನೆ. ಸಂಜೆ ನಾವಿಬ್ಬರೂ ಪಡಸಾಲೆಯಲ್ಲೇ ಕೂರೋಣ, ಮಗುವನ್ನು ನಿನ್ನ ತೊಡೆಯ ಮೇಲೆ ಹಾಕುತ್ತೇನೆ. ಭಾವನ ಎದುರಿಗೆ ಏನೂ ಗೊತ್ತಿಲ್ಲದವಳ ಹಾಗೆ ಇರಲು ನನಗೆ ಬರುವುದಿಲ್ಲ, ಅದನ್ನು ಅವರಿಗೆ ಮೊದಲೇ ಹೇಳಿಡು.

ಇದಕ್ಕೆ ಉತ್ತರ ಬರೆಯಬೇಡ. ಹೇಳಲು ಇನ್ನೂ ಏನಾದರೂ ಉಳಿದಿದ್ದರೆ ಗುರುವಾರದವರೆಗೆ ಇಟ್ಟುಕೊಂಡಿರು. ನಾನು ಬಂದು ಕೇಳುತ್ತೇನೆ.

ರಾಜಿ